ಸಾರಥಿಯ ಧರ್ಮವೂ ಎಚ್ಚರಿಕೆಯ ಯಂತ್ರವೂ

ಯಾರ ಕಣ್ಣೂ ತನ್ನ ಮೇಲಿಲ್ಲದಿರುವಾಗ ಮನುಷ್ಯನು ಹೇಗೆ ನಡೆದುಕೊಳ್ಳುವನೋ ಅದೇ ಅವನ ಶೀಲಕ್ಕೆ ಒರೆಗಲ್ಲು ಎಂಬುದು ಎಲ್ಲ ದೇಶಗಳ ಹಿರಿಯರೂ ಒಪ್ಪಿದ ಮಾತು. ಮಾತು ಹಳೆಯದಾದರೂ ಅದನ್ನು ಪರೀಕ್ಷಿಸುವ ಸಂದರ್ಭಗಳು ಹೊಸಹೊಸದಾಗಿ ಒದಗುತ್ತಲೇ ಇರುತ್ತವೆ. ಮೋಟಾರು ವಾಹನಗಳಲ್ಲಿ ಕೂಡಿಸಿಕೊಳ್ಳುವ ಎರಡು ಯಂತ್ರಗಳು ಅಂಥ ಒಂದು ಸಂದರ್ಭವನ್ನು ತಂದೊಡ್ಡಿವೆ. ರೇಡಾರ್ ಡಿಟೆಕ್ಟರ್ ಎಂಬ ಮೊದಲನೆಯದು, ವೇಗವನ್ನು ಅಳೆಯುವ ಪೋಲೀಸರು ಮುಂದೆ ಇರುವರೆಂದು ಚಾಲಕನಿಗೆ ಮುಂಚಿತವಾಗಿ ಕೂಗಿ ಹೇಳುವುದು. ಲೇಸರ್ ಜಾಮರ್ ಎಂಬ ಎರಡನೆಯದು, ಪೋಲೀಸರ ಅಳತೆಯನ್ನೇ ಕೆಡಿಸುವುದು. ಒಂದನ್ನು ಶೋಧಕವೆಂದೂ ಮತ್ತೊಂದನ್ನು ಪ್ರತಿಬಂಧಕವೆಂದೂ ಕರೆಯಬಹುದು. ಇವುಗಳನ್ನು ಹಣ ಕೊಟ್ಟು ಕೊಳ್ಳುವುದು ಸಾರ್ಥಕವೇ ಎಂಬುದು ಪ್ರಶ್ನೆ. ಸಾರ್ಥಕವೆಂಬ ಶಬ್ದಕ್ಕೆ ಲಾಭವುಳ್ಳದ್ದು ಎಂಬ ಅರ್ಥವೂ ಉಂಟು, ಒಳ್ಳೆಯ ಪ್ರಯೋಜನವುಳ್ಳದ್ದು ಎಂಬ ಅರ್ಥವೂ ಉಂಟು. ಎರಡನ್ನೂ ಬೇರೆಬೇರೆಯಾಗಿ ವಿಚಾರಿಸದೆ ಉತ್ತರ ದೊರೆಯುವಂತಿಲ್ಲ.

ಮೊದಲು ವಿಷಯಸ್ವರೂಪವನ್ನು ತಿಳಿಯತಕ್ಕದ್ದು. ಶಬ್ದವಾಗಲಿ ಬೆಳಕಾಗಲಿ ಚಲಿಸುವ ವಸ್ತುವಿನಿಂದ ಬಂದಾಗ ಅದರ ತರಂಗಗಳ ಆವರ್ತನವು ವ್ಯತ್ಯಾಸಗೊಳ್ಳುವುದೆಂಬ ತತ್ತ್ವವನ್ನು ಆಸ್ಟ್ರಿಯಾ ದೇಶದ ಕ್ರಿಶ್ಚಿಯನ್ ಡಾಪ್ಲರ್ ಎಂಬ ಪಂಡಿತನು 1842ರಲ್ಲಿ ಪ್ರತಿಪಾದಿಸಿದನು. ನಿಲ್ಲದೆ ಹಾದುಹೋಗುವ ರೈಲಿನ ಸಿಳ್ಳು ಹತ್ತಿರ ಬರುವಾಗ ತಾರವಾಗಿಯೂ ದೂರ ಸರಿಯುವಾಗ ಮಂದ್ರವಾಗಿಯೂ ಕೇಳಿಸುವುದು ಈ ಕಾರಣದಿಂದಲೇ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಕಂಡುಹಿಡಿಯುವುದಕ್ಕಾಗಿ ಬೆಳೆದ ರೇಡಾರ್ ವಿದ್ಯೆಯು ಯುದ್ಧವು ಮುಗಿದ ಮೇಲೆ ರಸ್ತೆಗೆ ಇಳಿಯಿತು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಗ್ಲಾಸ್ಟನ್‌ಬರಿ ಎಂಬಲ್ಲಿ 1947ರಲ್ಲಿ ಇದರಿಂದ ವಾಹನಗಳ ವೇಗವನ್ನು ಅಳೆದು ನೋಡಿದರು. ಮೊದಮೊದಲು ಎಚ್ಚರಿಕೆ ಹೇಳಿ ಬಿಡುತ್ತಿದ್ದವರು 1949ರ ಫೆಬ್ರವರಿಯಿಂದ ದಂಡ ವಿಧಿಸಲು ತೊಡಗಿದರು.

ಕಾವಲು ಹುಟ್ಟಿದ ಕಡೆ ಕಾವಲನ್ನು ತಪ್ಪಿಸುವ ಉಪಾಯವೂ ಹುಟ್ಟುವುದು ಲೋಕರೂಢಿ. 1974ರ ಜನವರಿಯಲ್ಲಿ, ತೈಲದ ಅಭಾವವನ್ನು ಎದುರಿಸುವುದಕ್ಕಾಗಿ, ಅಮೆರಿಕ ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಎಂದರೆ ಸುಮಾರು 89 ಕಿಲೋಮೀಟರು, ಗರಿಷ್ಠ ವೇಗವೆಂದು ಶಾಸನವಾಯಿತು. ವಿಸ್ತಾರವಾದ ಹೆದ್ದಾರಿಗಳಲ್ಲಿ ಅದಕ್ಕಿಂತ ವೇಗವಾಗಿ ಹೋಗಿ ರೂಢಿಯಾಗಿದ್ದ ಜನರು ಇದನ್ನು ಮನಃಪೂರ್ವಕವಾಗಿ ಒಪ್ಪಲಿಲ್ಲ. ‘ಫಜ್‌ಬಸ್ಟರ್’ ಎಂಬ ಶೋಧಕವು ಮನೆಮಾತಾದದ್ದು ಆ ದಶಕದಲ್ಲಿಯೇ.

ಶೋಧಕದ ಕಾರ್ಯವಿಧಾನದಲ್ಲಿ ಒಂದು ಸ್ವಾರಸ್ಯವುಂಟು. ಪೋಲೀಸರ ಯಂತ್ರದಿಂದ ಹೊರಟ ತರಂಗವು ವಾಹನಕ್ಕೆ ಬಡಿದು ಮರಳಿ ಬಂದರೆ ಮಾತ್ರ ಅವರಿಗೆ ವೇಗವು ತಿಳಿಯುವುದು. ಶೋಧಕಕ್ಕಾದರೋ ಬರುವ ತರಂಗವೇ ಸಾಕು, ಅದು ಮರಳಬೇಕಾಗಿಲ್ಲ. ದೂರವು ಇಮ್ಮಡಿಯಾದರೆ ಬರುವ ತರಂಗದ ಬಲವು ನಾಲ್ಕರಲ್ಲೊಂದು ಪಾಲಾಗುವುದು. ಮರಳಿದ ತರಂಗದ ಬಲವಾದರೋ ಹದಿನಾರರಲ್ಲೊಂದು ಪಾಲಾಗುವುದು. ಆದುದರಿಂದ ಅಳೆಯುವವನಿಗಿಂತ ಮೊದಲೇ ಅಳೆಯಲ್ಪಡುವವನಿಗೆ ಸುದ್ದಿ ಮುಟ್ಟುವುದು. ಇದನ್ನು ಕಂಡ ಕೆಲವು ಕಡೆಯ ಪೋಲೀಸರು ಶೋಧಕವನ್ನೇ ಶೋಧಿಸುವ ಯಂತ್ರವನ್ನು ತಂದರು. ಅದಕ್ಕೆ ಸಿಕ್ಕದಂಥ ಶೋಧಕಗಳನ್ನು ತಯಾರಕರು ಮಾಡಿದರು.

1990ರ ದಶಕದಲ್ಲಿ ಲೇಸರ್ ಯಂತ್ರಗಳು ಬಳಕೆಗೆ ಬಂದವು. ಇವು ಕಣ್ಣಿಗೆ ಕಾಣದ ಬೆಳಕಿನ ಸೂಕ್ಷ್ಮ ಮಿಡಿತಗಳನ್ನು ಒಂದರ ಹಿಂದೊಂದಾಗಿ ಕಳುಹಿಸಿ, ಅವು ಹೋಗಿಬರುವ ಕಾಲದಿಂದ ದೂರವನ್ನೂ, ದೂರದ ವ್ಯತ್ಯಾಸದಿಂದ ವೇಗವನ್ನೂ ಗಣಿಸುತ್ತವೆ. ರೇಡಾರ್ ತರಂಗವು ರಸ್ತೆಯ ತುಂಬ ಹರಡಿಕೊಳ್ಳುವುದು. ಲೇಸರ್ ಕಿರಣವು 300 ಮೀಟರು ದೂರದಲ್ಲಿಯೂ ಸುಮಾರು ಒಂದು ಮೀಟರಿನಷ್ಟೇ ಅಗಲವಾಗಿರುವುದು. ಅಳತೆಗೆ ಒಂದು ಕ್ಷಣವೂ ಬೇಡ. ಹೀಗಾಗಿ ಲೇಸರಿನ ಮುಂದೆ ಶೋಧಕವು ಕೂಗುವ ಹೊತ್ತಿಗೆ ಕಾರ್ಯವು ಮುಗಿದಿರುವುದೇ ಹೆಚ್ಚು. ಈ ಕೊರತೆಯನ್ನು ತುಂಬಲು ಪ್ರತಿಬಂಧಕವು ಬಂದಿತು. ವಾಹನದ ಮುಂಭಾಗದಲ್ಲಿ ಅಡಗಿ ಕುಳಿತಿರುವ ಇದು, ಪೋಲೀಸರ ಕಿರಣವು ತಾಕಿದೊಡನೆ ತಾನೂ ಅಂಥದೇ ಮಿಡಿತಗಳನ್ನು ಎದುರಾಗಿ ಕಳುಹಿಸಿ ಆ ಯಂತ್ರವನ್ನು ತಬ್ಬಿಬ್ಬುಗೊಳಿಸುವುದು. ಚಾಲಕನು ಆ ಅವಕಾಶದಲ್ಲಿ ವೇಗವನ್ನು ತಗ್ಗಿಸಿ, ಅನಂತರ ಪ್ರತಿಬಂಧಕವನ್ನು ಆರಿಸಿ, ಏನೂ ಅರಿಯದವನಂತೆ ಅಳೆಯಿಸಿಕೊಳ್ಳುವುದು ಇದನ್ನು ಬಳಸುವವರ ಪದ್ಧತಿ.

ಇನ್ನು ಲೌಕಿಕವಾದ ಲಾಭವನ್ನು ತೂಗಿ ನೋಡಬಹುದು. ಬಯಲು ಹೆದ್ದಾರಿಯಲ್ಲಿ, ಪೋಲೀಸರು ರೇಡಾರನ್ನು ಎಡೆಬಿಡದೆ ಹೊತ್ತಿಸಿಕೊಂಡಿರುವ ಕಡೆಗಳಲ್ಲಿ, ಒಳ್ಳೆಯ ಶೋಧಕವು ಚಾಲಕನನ್ನು ದಂಡದಿಂದ ಪಾರುಮಾಡುವುದು ನಿಜ. ಇಲ್ಲವೆನ್ನುವುದು ಸತ್ಯಕ್ಕೆ ದೂರವಾದ ಮಾತು. ಆದರೆ ಪೋಲೀಸನು ಯಂತ್ರವನ್ನು ಆರಿಸಿಟ್ಟುಕೊಂಡು ವಾಹನವು ಸಮೀಪಿಸಿದಾಗ ಮಾತ್ರ ಹೊತ್ತಿಸಿದರೆ ಶೋಧಕಕ್ಕೆ ಹೊತ್ತೇ ದೊರೆಯದು. ರಸ್ತೆಯ ಎರಡು ಕಡೆ ಕ್ಯಾಮರಾಗಳನ್ನು ನಿಲ್ಲಿಸಿ, ವಾಹನದ ನಂಬರನ್ನು ಓದಿ, ನಡುವಣ ದೂರವನ್ನು ಹಿಡಿದ ಕಾಲದಿಂದ ಭಾಗಿಸಿ ಸರಾಸರಿ ವೇಗವನ್ನು ಕಂಡುಕೊಳ್ಳುವ ಕಡೆಗಳಲ್ಲಿ ಶೋಧಕವೂ ಪ್ರತಿಬಂಧಕವೂ ಸಮಾನವಾಗಿ ನಿರರ್ಥಕ. ಅಂಗಡಿಗಳ ತಾನಾಗಿ ತೆರೆಯುವ ಬಾಗಿಲುಗಳೂ, ಅಕ್ಕಪಕ್ಕದ ವಾಹನವನ್ನು ಅರಿಯುವುದಕ್ಕಾಗಿ ಹೊಸ ಕಾರುಗಳಲ್ಲಿರಿಸಿದ ಉಪಕರಣಗಳೂ ಪೋಲೀಸರ ರೇಡಾರಿನಂಥ ತರಂಗಗಳನ್ನೇ ಸೂಸುವುದರಿಂದ, ಶೋಧಕವು ತೋಳ ಬಂತೆಂದು ಸುಮ್ಮಸುಮ್ಮನೆ ಕೂಗಿದ ಕುರುಬರ ಹುಡುಗನಂತಾಗುವುದೂ ಉಂಟು. ಇಷ್ಟಕ್ಕೆ ತೆರಬೇಕಾದ ಬೆಲೆ ನೂರಾರು ಡಾಲರು.

ಹಾಗಾದರೆ ಗಳಿಕೆಯೇನು? ನೂರು ಕಿಲೋಮೀಟರು ದೂರವನ್ನು ಗಂಟೆಗೆ ನೂರರಂತೆ ಕ್ರಮಿಸಿದರೆ 60 ನಿಮಿಷ ಹಿಡಿಯುವುದು. ನೂರಿಪ್ಪತ್ತರಂತೆ ಹೋದರೆ 50 ನಿಮಿಷ. ಇದು ಎಲ್ಲಿಯೂ ತಡೆಯಿಲ್ಲದ ಲೆಕ್ಕ. ಹತ್ತು ಕಿಲೋಮೀಟರಿನ ಪಯಣದಲ್ಲಿ ಉಳಿಯುವುದು ಒಂದೇ ನಿಮಿಷ. ಊರೊಳಗಿನ ಒಂದು ಕೆಂಪುದೀಪವು ಅದನ್ನು ನುಂಗಿಬಿಡುವುದು.

ದೇಶದೇಶಗಳ ಶಾಸನಗಳು ಈ ವಿಷಯದಲ್ಲಿ ಏಕರೂಪವಾಗಿಲ್ಲ. ಅಮೆರಿಕದ ಬಹುಭಾಗದಲ್ಲಿ ಸ್ವಂತ ಕಾರಿನಲ್ಲಿ ಶೋಧಕವನ್ನಿರಿಸಿಕೊಳ್ಳುವುದು ಅಪರಾಧವಲ್ಲ. ವರ್ಜೀನಿಯಾ ಸಂಸ್ಥಾನದಲ್ಲಿಯೂ ರಾಜಧಾನಿ ವಾಷಿಂಗ್ಟನ್ನಿನಲ್ಲಿಯೂ ಅಪರಾಧ. ಅಂತರಸಂಸ್ಥಾನ ವ್ಯಾಪಾರದಲ್ಲಿ ಸಂಚರಿಸುವ ಭಾರಿ ವಾಹನಗಳಲ್ಲಿ 1994ರಿಂದ ಇದು ನಿಷಿದ್ಧ. ರೇಡಾರನ್ನು ಕೆಡಿಸುವುದು ಆ ದೇಶಕ್ಕೆಲ್ಲ ನಿಷಿದ್ಧ. ಲೇಸರನ್ನು ಕೆಡಿಸುವುದನ್ನು ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮೊದಲಾದ ಸಂಸ್ಥಾನಗಳು ನಿಷೇಧಿಸಿವೆ. ಫ್ರಾನ್ಸ್, ಜರ್ಮನಿಗಳಲ್ಲಿ ಶೋಧಕದ ಬಳಕೆಯೇ ದಂಡಾರ್ಹ. ಇಂಗ್ಲೆಂಡಿನಲ್ಲಿ 1998ರಲ್ಲಿ ನ್ಯಾಯಾಲಯವು ಪೋಲೀಸರ ರೇಡಾರ್ ತರಂಗವು ಯಾರಿಗೋ ಕಳುಹಿಸಿದ ಸಂದೇಶವಲ್ಲವೆಂದೂ, ಅದರ ಇರವನ್ನು ಅರಿತುಕೊಳ್ಳುವುದು ನಿಸ್ತಂತು ಶಾಸನದ ಉಲ್ಲಂಘನೆಯಲ್ಲವೆಂದೂ ತೀರ್ಪಿತ್ತಿತು. ಆದರೆ ಅದೇ ದೇಶದಲ್ಲಿ 2018ರಲ್ಲಿ ಪ್ರತಿಬಂಧಕವನ್ನು ಬಳಸಿದ ಒಬ್ಬ ಚಾಲಕನಿಗೆ, ನ್ಯಾಯದ ಹಾದಿಯನ್ನು ಕೆಡಿಸಿದನೆಂಬ ಆಪಾದನೆಯ ಮೇಲೆ, ಎಂಟು ತಿಂಗಳ ಸೆರೆಮನೆಯಾಯಿತು. ಅತಿವೇಗಕ್ಕೆ ಸಾಮಾನ್ಯವಾಗಿ ಹಣದ ದಂಡ; ಅದನ್ನು ಮುಚ್ಚಿಡಲು ಹೂಡಿದ ಉಪಾಯಕ್ಕೆ ಸೆರೆಮನೆ. ಕೇಳುವುದು ಬೇರೆ, ಕೆಡಿಸುವುದು ಬೇರೆ ಎಂಬ ಈ ವಿವೇಕವು ಮುಂದಣ ವಿಚಾರಕ್ಕೆ ಉಪಯುಕ್ತವಾದದ್ದು.

ಶಾಸನದ ಮಾತು ಇಷ್ಟಾಯಿತು. ಧರ್ಮದ ಮಾತನ್ನು ನಿರ್ಣಯಿಸುವುದಕ್ಕೆ ಮುಂಚೆ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸುವುದು ನ್ಯಾಯ. ಯಂತ್ರವನ್ನು ಸಮರ್ಥಿಸುವವರು ಹೇಳುವುದಿದು: ವೇಗದ ಮಿತಿಯೆಂಬ ಅಂಕೆಯೇನೂ ವೇದವಾಕ್ಯವಲ್ಲ. 55 ಮೈಲಿಯೆಂಬ ಮಿತಿಯು ತೈಲವನ್ನು ಉಳಿಸಲು ಬಂದದ್ದೇ ಹೊರತು ಪ್ರಾಣವನ್ನು ಉಳಿಸಲು ಬಂದದ್ದಲ್ಲ. ಮೇಲಾಗಿ, ದಂಡದ ಹಣಕ್ಕಾಗಿಯೇ ಮಿತಿಯನ್ನು ತಗ್ಗಿಸಿ ಹೊಂಚುಹಾಕುವ ಅಧಿಕಾರಿಗಳೂ ಇರುವರು. ಒಹಾಯೋ ಸಂಸ್ಥಾನದ ನ್ಯೂ ರೋಮ್ ಎಂಬ ಅರವತ್ತು ಜನರ ಹಳ್ಳಿಯು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದರ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ಮಿತಿಯು ಥಟ್ಟನೆ ತಗ್ಗುತ್ತಿತ್ತು. ದಾರಿಹೋಕರ ದಂಡವೇ ಆ ಹಳ್ಳಿಯ ಮುಖ್ಯ ಆದಾಯವಾಗಿತ್ತು. ಇಂಥ ಬಲೆಯಿಂದ ತನ್ನನ್ನು ಕಾಪಾಡಿಕೊಳ್ಳುವುದು ತಪ್ಪೇ? ಎಲ್ಲರೂ ಮಿತಿಯನ್ನು ಮೀರುವ ರಸ್ತೆಯಲ್ಲಿ ಒಬ್ಬನನ್ನು ಹಿಡಿದು ದಂಡಿಸುವುದು ನ್ಯಾಯವೇ? ಬಯಲಿನಲ್ಲಿ ಸೂಸಿದ ತರಂಗವನ್ನು ಕೇಳುವುದು ಕಳವೇ? ಕಡೆಯದಾಗಿ, ಯಂತ್ರವು ಕೂಗಿದೊಡನೆ ಚಾಲಕನು ವೇಗವನ್ನು ತಗ್ಗಿಸುತ್ತಾನೆ. ಶಾಸನಕ್ಕೆ ಬೇಕಾದದ್ದೂ ಅದೇ ಅಲ್ಲವೇ?

ಈ ಆಕ್ಷೇಪಗಳಲ್ಲಿ ಕೆಲವು ಸತ್ಯವಾದವು. ಅಂಕೆಗಳೆಲ್ಲ ವಿವೇಕದಿಂದ ಹುಟ್ಟಿದವಲ್ಲ, ಅಧಿಕಾರಿಗಳೆಲ್ಲ ನಿರ್ಲೋಭಿಗಳಲ್ಲ, ಕೇಳುವುದು ತನ್ನಷ್ಟಕ್ಕೆ ಪಾಪವಲ್ಲ. ಆದರೂ ಸಿದ್ಧಾಂತವು ಬೇರೆಯಾಗಿದೆ.

ಮೊದಲನೆಯದಾಗಿ, ಯಂತ್ರವು ಯಾವುದನ್ನು ಕುರಿತು ಎಚ್ಚರಿಸುವುದು ಎಂಬುದನ್ನು ಗಮನಿಸಬೇಕು. ಅದು ದಂಡವನ್ನು ಕುರಿತು ಎಚ್ಚರಿಸುವುದು; ಅಪಾಯವನ್ನು ಕುರಿತು ಎಚ್ಚರಿಸದು. ಪೋಲೀಸನ ಕೈಯಲ್ಲಿರುವ ಉಪಕರಣವು ತರಂಗಗಳನ್ನು ಸೂಸುವುದು. ಚೆಂಡಿನ ಹಿಂದೆ ರಸ್ತೆಗೆ ಓಡಿಬರುವ ಮಗುವು ಸೂಸದು. ಕೋಲೂರಿಕೊಂಡು ದಾಟುವ ಮುದುಕನು ಸೂಸನು. ಯಂತ್ರವು ಮೌನವಾಗಿದ್ದರೆ ಅದರ ಅರ್ಥ ‘ಮುಂದೆ ಪೋಲೀಸನಿಲ್ಲ’ ಎಂದಿಷ್ಟೇ. ಆದರೆ ಅದನ್ನು ನಂಬಿ ಕಾಲನ್ನು ಒತ್ತಿದ ಚಾಲಕನು ಆ ಮೌನವನ್ನು ‘ಮುಂದೆ ಯಾರೂ ಇಲ್ಲ’ ಎಂದು ಅರ್ಥಮಾಡಿಕೊಂಡಂತಾಯಿತು. ಯಂತ್ರ ಕೂಗಿದಾಗ ಚಾಲಕನು ನಿಧಾನಿಸುವನೆಂಬ ವಾದಕ್ಕೆ ಸಮಾಧಾನವೂ ಇಲ್ಲಿಯೇ ಇದೆ. ಅವನು ನಿಧಾನಿಸುವುದು ಪೋಲೀಸನಿರುವ ಕಡೆ. ನಿಧಾನಿಸಬೇಕಾದದ್ದು ಮನುಷ್ಯರಿರುವ ಕಡೆ.

ಅಪಾಯವೆಂಬುದು ಇಲ್ಲಿ ಬರಿಯ ಮಾತಲ್ಲ. ಬ್ರಿಟನ್ನಿನ ಹೆದ್ದಾರಿ ನಿಯಮಾವಳಿಯ ಗಣನೆಯಂತೆ, ಗಂಟೆಗೆ 30 ಮೈಲಿ ವೇಗದ ಕಾರು ನಿಲ್ಲಬೇಕಾದರೆ 23 ಮೀಟರು ಬೇಕು. 40 ಮೈಲಿಗೆ 36 ಮೀಟರು. 70 ಮೈಲಿಗೆ 96 ಮೀಟರು. ವೇಗವು ಇಮ್ಮಡಿಯಾದರೆ ಘಾತದ ಶಕ್ತಿಯು ನಾಲ್ಮಡಿಯಾಗುವುದೆಂಬುದು ಭೌತಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸರಾಸರಿ ವೇಗವು ಶೇಕಡ 1ರಷ್ಟು ಹೆಚ್ಚಿದರೆ ಮರಣಾಂತಿಕ ಅಪಘಾತದ ಸಂಭವವು ಶೇಕಡ 4ರಷ್ಟು ಹೆಚ್ಚುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಭಾರತದಲ್ಲಿ 2022ರ ಒಂದೇ ವರುಷದಲ್ಲಿ ರಸ್ತೆಯ ಮೇಲೆ 1,68,491 ಜನರು ಮಡಿದರು. ಅವರಲ್ಲಿ ಶೇಕಡ 71ರಷ್ಟು ಮಂದಿಯ ಮರಣಕ್ಕೆ ಅತಿವೇಗವೇ ಕಾರಣವೆಂದು ಸರಕಾರದ ವರದಿಯು ದಾಖಲಿಸಿದೆ. ಈ ಸಂಖ್ಯೆಯ ಮುಂದೆ, ಉಳಿಯಬಹುದಾದ ಹತ್ತು ನಿಮಿಷಗಳನ್ನು ಇಟ್ಟು ತೂಗತಕ್ಕದ್ದು.

ಎರಡನೆಯದಾಗಿ, ರಸ್ತೆಯ ಅಂಚಿನಲ್ಲಿ ಬರೆದ ಅಂಕೆಯು ರಾಜಾಜ್ಞೆ ಮಾತ್ರವಲ್ಲ; ಅದು ಅಪರಿಚಿತರು ತಮ್ಮತಮ್ಮಲ್ಲಿ ಮಾಡಿಕೊಂಡ ಒಂದು ಒಪ್ಪಂದ. ರಸ್ತೆಯನ್ನು ದಾಟುವ ಹೆಂಗಸು ದೂರದಲ್ಲಿ ಬರುವ ಕಾರನ್ನು ನೋಡಿ, ಅದು ತನ್ನ ಬಳಿಗೆ ಬರಲು ಇಷ್ಟು ಹೊತ್ತು ಬೇಕೆಂದು ಅಂದಾಜುಮಾಡಿ ಹೆಜ್ಜೆಯಿಡುವಳು. ಆ ಅಂದಾಜಿಗೆ ಆಧಾರವು ಬರುವವನು ಎಲ್ಲರಂತೆ ಬರುವನೆಂಬ ವಿಶ್ವಾಸ. ‘ನಾನು ನುರಿತ ಚಾಲಕ, ಯಾವ ವೇಗ ಕ್ಷೇಮವೆಂಬುದನ್ನು ಬಲ್ಲೆ’ ಎಂದು ಚಾಲಕನು ಹೇಳಿಕೊಳ್ಳಬಹುದು. ಅದು ನಿಜವೂ ಆಗಿರಬಹುದು. ಆದರೆ ಅವನ ನೈಪುಣ್ಯವನ್ನು ಆ ಹೆಂಗಸು ಅರಿಯಳು. ಅವಳಿಗೆ ಗೊತ್ತಿರುವುದು ಫಲಕದ ಮೇಲಿನ ಅಂಕೆ ಮಾತ್ರ. ಅದನ್ನು ಗುಟ್ಟಾಗಿ ಮೀರಿದವನು ಪೋಲೀಸನನ್ನು ವಂಚಿಸುವುದಕ್ಕಿಂತ ಮಿಗಿಲಾಗಿ ಆಕೆಯನ್ನು ವಂಚಿಸುತ್ತಾನೆ.

ಮೂರನೆಯದಾಗಿ, ಶಾಸನವೇ ಅನ್ಯಾಯವಾಗಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ. ಇದಕ್ಕೆ ಮಹನೀಯರು ದಾರಿಯನ್ನು ತೋರಿಸಿರುವರು. ಅಮೆರಿಕದ ಥೋರೋ ಮಹಾಶಯನು ಒಪ್ಪಿಗೆಯಿಲ್ಲದ ತೆರಿಗೆಯನ್ನು ಕೊಡದೆ 1846ರಲ್ಲಿ ಸೆರೆಮನೆಗೆ ಹೋದನು. ಗಾಂಧೀಜಿಯವರು 1930ರಲ್ಲಿ ಉಪ್ಪಿನ ಶಾಸನವನ್ನು ಮುರಿಯುವುದಕ್ಕೆ ಮೊದಲು ವೈಸರಾಯರಿಗೆ ಪತ್ರ ಬರೆದು ತಿಳಿಸಿ, ಹಗಲಿನಲ್ಲಿ ಎಲ್ಲರೆದುರಿಗೆ ನಡೆದು ಹೋಗಿ ಮುರಿದರು. ಬಹಿರಂಗವಾಗಿ ಮೀರುವುದು, ದಂಡವನ್ನು ತಲೆಬಾಗಿ ಹೊರುವುದು, ಇವೆರಡೂ ಕೂಡಿದಾಗ ಮಾತ್ರ ಶಾಸನೋಲ್ಲಂಘನೆಯು ಧರ್ಮವೆನ್ನಿಸುವುದು. ಮೀರಿಯೂ ಮೀರಲಿಲ್ಲವೆಂದು ತೋರಿಸಿಕೊಳ್ಳುವ ಯಂತ್ರವು ಇದಕ್ಕೆ ನೇರವಾದ ವಿರೋಧ. ಪೂರ್ವಪಕ್ಷದವರು ಹೇಳಿದ ಎರಡು ಅನ್ಯಾಯಗಳು ಹೇಗೆ ತೊಲಗಿದವು ಎಂಬುದನ್ನೂ ನೋಡಬಹುದು. 55 ಮೈಲಿಯ ರಾಷ್ಟ್ರೀಯ ಮಿತಿಯು 1995ರಲ್ಲಿ ಶಾಸನಸಭೆಯ ನಿರ್ಣಯದಿಂದ ರದ್ದಾಯಿತು. ನ್ಯೂ ರೋಮ್ ಹಳ್ಳಿಯು ಜನರ ದೂರು, ಸರಕಾರದ ವಿಚಾರಣೆ, ನ್ಯಾಯಾಲಯದ ತೀರ್ಪುಗಳ ಫಲವಾಗಿ 2004ರಲ್ಲಿ ತನ್ನ ಪೌರಾಡಳಿತವನ್ನೇ ಕಳೆದುಕೊಂಡಿತು. ಒಂದು ಶೋಧಕವು ಒಬ್ಬನನ್ನು ಒಂದು ದಿನ ಬಲೆಯಿಂದ ಬಿಡಿಸಬಹುದು. ಬಲೆಯು ಮಾತ್ರ ಹಿಂದೆ ಬರುವವನಿಗಾಗಿ ಹಾಗೆಯೇ ಉಳಿಯುವುದು.

ಪ್ರತಿಬಂಧಕದ ವಿಷಯದಲ್ಲಿ ಹೆಚ್ಚು ವಿಚಾರವೇ ಬೇಕಿಲ್ಲ. ಶೋಧಕವು ಕಾವಲುಗಾರನ ಹೆಜ್ಜೆಯ ಸಪ್ಪುಳಕ್ಕೆ ಕಿವಿಗೊಡುವುದು. ಪ್ರತಿಬಂಧಕವು ಅವನ ಕಣ್ಣಿಗೆ ಮಣ್ಣೆರಚುವುದು. ಸಾಕ್ಷಿಯನ್ನು ಕೆಡಿಸುವುದೂ ಸುಳ್ಳು ಸಾಕ್ಷಿ ನುಡಿಯುವುದೂ ಒಂದೇ ಜಾತಿಗೆ ಸೇರಿದವು. ತಾನು ಬಾಯಿಯಿಂದ ಸುಳ್ಳಾಡಲಿಲ್ಲವೆಂದು ಚಾಲಕನು ಸಮಾಧಾನಪಟ್ಟುಕೊಳ್ಳಬಹುದು. ಯಂತ್ರದಿಂದ ಆಡಿಸಿದ ಸುಳ್ಳು ಆಡಿಸಿದವನದೇ.

ಹಾಗೆಂದು ಕಾವಲಿನ ತಿಳಿವಳಿಕೆಯೆಲ್ಲ ದೋಷವೆಂದು ಹೇಳಬಾರದು. ಬ್ರಿಟನ್ನಿನಲ್ಲಿ ವೇಗದ ಕ್ಯಾಮರಾಗಳ ಪೆಟ್ಟಿಗೆಗಳಿಗೆ ದೂರದಿಂದಲೇ ಕಾಣುವಂತೆ ಹಳದಿ ಬಣ್ಣವನ್ನು ಬಳಿದಿರುವರು. ಅಪಾಯದ ತಿರುವಿನಲ್ಲಿ, ಶಾಲೆಯ ಮುಂದೆ, ಜನರು ನಿಧಾನಿಸಲೆಂಬುದೇ ಅಲ್ಲಿ ಉದ್ದೇಶ. ತಿಳಿಸುವುದೇ ಆ ಉದ್ದೇಶಕ್ಕೆ ಸಾಧನ. ಅದನ್ನು ಫಲಕದಿಂದ ಅರಿತರೂ ಒಂದೇ, ಕೈಯಲ್ಲಿರುವ ಫೋನಿನ ನಕ್ಷೆಯಿಂದ ಅರಿತರೂ ಒಂದೇ. ಅರಿವು ಯಾವ ಕಡೆಗೆ ಮನಸ್ಸನ್ನು ತಿರುಗಿಸುವುದೆಂಬುದರ ಮೇಲೆ ಅದರ ಗುಣದೋಷಗಳು ನಿಲ್ಲುವುವು.

ಗ್ರೀಸಿನ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಗೈಜೀಸನ ಉಂಗುರದ ಕಥೆಯನ್ನು ತಂದಿರುವನು. ಉಂಗುರದ ಹರಳನ್ನು ಒಳಕ್ಕೆ ತಿರುಗಿಸಿದರೆ ತೊಟ್ಟವನು ಕಾಣದಂತಾಗುವನು. ಅಂಥ ಉಂಗುರ ಸಿಕ್ಕಿದ ಮೇಲೂ ನ್ಯಾಯವಂತನಾಗಿ ಉಳಿಯುವವನು ಇರುವನೇ ಎಂಬುದು ಅಲ್ಲಿಯ ಪ್ರಶ್ನೆ. ಕನ್ನಡ ನಾಡಿನ ಮನೆಮನೆಗಳಲ್ಲಿ ಇದಕ್ಕೆ ಉತ್ತರವಾಗಿ ಒಂದು ಕಥೆಯುಂಟು. ವ್ಯಾಸರಾಯರು ಶಿಷ್ಯರಿಗೆ ಒಂದೊಂದು ಬಾಳೆಹಣ್ಣನ್ನು ಕೊಟ್ಟು ಯಾರೂ ಕಾಣದ ಕಡೆ ತಿಂದು ಬರಬೇಕೆಂದರಂತೆ. ಉಳಿದವರು ಕದದ ಮರೆಯಲ್ಲಿಯೋ ಮರದ ಮರೆಯಲ್ಲಿಯೋ ತಿಂದು ಬಂದರು. ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ದೇವರು ಕಾಣದ ಕಡೆ ಅವರಿಗೆ ಎಲ್ಲಿಯೂ ಸಿಕ್ಕಲಿಲ್ಲ. ಶೋಧಕವು ಗೈಜೀಸನ ಉಂಗುರದ ಇನ್ನೊಂದು ಬಗೆ. ಅದು ಮನುಷ್ಯನನ್ನು ಮರೆಮಾಡದು. ಎಲ್ಲಿ ಕಣ್ಣುಗಳಿಲ್ಲವೆಂಬುದನ್ನು ಅವನಿಗೆ ತಿಳಿಸುವುದು. ಹಣ್ಣನ್ನು ತಿಂದು ಬಂದ ಶಿಷ್ಯರು ಹುಡುಕಿದ್ದೂ ಅದನ್ನೇ. ದೈವಭಕ್ತಿಯಿಲ್ಲದ ಚಾಲಕನಿಗೂ ಈ ಕಥೆಯು ಸಲ್ಲುವುದು: ದೇವರ ಸ್ಥಾನದಲ್ಲಿ, ತನ್ನ ವಿವೇಕವನ್ನೇ ನಂಬಿ ರಸ್ತೆಗಿಳಿದ ದಾರಿಹೋಕನನ್ನು ಇರಿಸಿಕೊಂಡರಾಯಿತು. ಅವನ ಕಣ್ಣು ಇಲ್ಲದ ರಸ್ತೆಯೇ ಇಲ್ಲ.

ಇದು ಪರದೇಶದ ಮಾತೆಂದು ಬದಿಗಿರಿಸುವಂತಿಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆ ವರುಷದ ಮೊದಲ ತಿಂಗಳುಗಳಲ್ಲಿಯೇ ಅನೇಕರು ಮಡಿದರು. ಅನಂತರ ಪೋಲೀಸರು ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಪಾಲಿಸುವಂತೆ ವೇಗಮಾಪಕಗಳನ್ನು ಹಿಡಿದು ನಿಂತರು. ಎದುರಿನಿಂದ ಬರುವವನು ದೀಪವನ್ನು ಮಿಣುಕಿಸಿ ‘ಮುಂದೆ ಪೋಲೀಸರಿರುವರು’ ಎಂದು ಸೂಚಿಸುವುದು ಇಲ್ಲಿಯ ರಸ್ತೆಗಳಲ್ಲಿಯೂ ಬಹುಕಾಲದ ರೂಢಿ. ಇದು ಬೆಲೆಯಿಲ್ಲದೆ ದೊರೆಯುವ ಶೋಧಕ. ಅಪರಿಚಿತನಿಗೆ ಉಪಕಾರ ಮಾಡಿದೆನೆಂಬ ಸಂತೋಷವೂ ಅದರಲ್ಲಿ ಬೆರೆತಿರುವುದು. ಆದರೆ ಅದೇ ದೀಪವನ್ನು ಮುಂದೆ ದನಗಳು ದಾಟುತ್ತಿರುವಾಗ, ಲಾರಿಯೊಂದು ಅಡ್ಡವಾಗಿ ಕೆಟ್ಟುನಿಂತಿರುವಾಗ, ಶಾಲೆಯ ಮಕ್ಕಳು ಸಾಲಾಗಿ ಹೋಗುತ್ತಿರುವಾಗ ಮಿಣುಕಿಸಿದರೆ ಉಪಕಾರವು ಪೂರ್ಣವಾಗುವುದು. ಮೊದಲನೆಯದು ಹಣವನ್ನು ಉಳಿಸುವುದು, ಎರಡನೆಯದು ಪ್ರಾಣವನ್ನು.

ಒಟ್ಟಿನಲ್ಲಿ ನಿರ್ಣಯವಿಷ್ಟು. ಶೋಧಕವು ಕೆಲವೆಡೆ ಫಲಿಸುವುದು, ಹಲವೆಡೆ ಸೋಲುವುದು. ಅದರಿಂದ ಉಳಿಯುವ ಕಾಲವು ಸ್ವಲ್ಪ. ಅದನ್ನು ಕೇಳುತ್ತ ಹೋಗುವ ಚಾಲಕನ ಮನಸ್ಸು ರಸ್ತೆಯನ್ನು ಬಿಟ್ಟು ದಂಡದ ಕಡೆಗೆ ತಿರುಗುವುದು. ಪ್ರತಿಬಂಧಕವು ಫಲಿಸಿದಾಗ ವಂಚನೆ, ಫಲಿಸದಿದ್ದಾಗ ಸೆರೆಮನೆ. ಮಿತಿಯು ಅನುಚಿತವೆಂದು ತೋರಿದವರು ಅರ್ಜಿಯನ್ನು ಬರೆಯಲಿ, ಸಭೆಯಲ್ಲಿ ಮಾತನಾಡಲಿ, ನ್ಯಾಯಾಲಯಕ್ಕೆ ಹೋಗಲಿ. ಅದುವರೆಗೆ ಫಲಕದ ಅಂಕೆಯನ್ನು ಪಾಲಿಸಿ ನಡೆಯುವವನಿಗೆ ಯಾವ ಎಚ್ಚರಿಕೆಯ ಯಂತ್ರವೂ ಬೇಕಿಲ್ಲ. ಮುಂದಿನ ತಿರುವಿನಲ್ಲಿ ಯಾರು ನಿಂತಿದ್ದರೂ ಅವನಿಗೆ ಭಯವಿಲ್ಲ.